ಚುಕ್ಕೆ ಇಲ್ಲದ ಗುಳಿಗೆ

ಮಾವಶಿ ತೀರಿಕೊಂಡ ಸುದ್ದಿ ನನಗೆ ಗೊತ್ತಾದದ್ದು ಮೂರು ದಿನ ತಡವಾಗಿ, ಅದೂ ಔಷಧ ಅಂಗಡಿಯ ಕೌಂಟರಿನಲ್ಲಿ ನಿಂತಿದ್ದಾಗ. ಬಿ.ಪಿ. ಗುಳಿಗೆ ಒಯ್ಯಲು ಬಂದಿದ್ದ ಮುದುಕರೊಬ್ಬರು ಚೀಟಿ ಮಡಚಿ ಜೇಬಿಗೆ ಇಳಿಬಿಡುತ್ತ, "ಅರಿಷಿಣ ಪ್ಯಾಟ್ಯಾಗ ಸೌದಾ ಕೂಗತಿದ್ನಲ್ಲ, ಅವಂಗ ತಪ್ಪ ಗುಳಿಗಿ ಕೊಟ್ಟಾಕಿ, ಹೋದ್ಲಂತ ನೋಡ್ರಿ" ಅಂದರು. ಹೌದೇ ಎಂದೆ. ಅವರು ಕೊಡೆ ತೆಗೆದುಕೊಂಡು ಹೊರಟುಹೋದರು. ಮೂವತ್ತು ವರ್ಷ ಮಿರಜಿನ ದವಾಖಾನೆಗಳ ರಸ್ತೆಯಲ್ಲಿ ನಿಂತು ಊರಿಗೆಲ್ಲ ಔಷಧ ಕೊಟ್ಟ ಹೆಂಗಸಿಗೆ ಕೊನೆಗೆ ಉಳಿದ ಗುರುತು ಇದೊಂದೇ, ತಪ್ಪು ಗುಳಿಗೆ ಕೊಟ್ಟಾಕೆ.

ಆ ಗುಳಿಗೆಯನ್ನು ಅವರು ಕೊಟ್ಟಿರಲಿಲ್ಲ. ಇದನ್ನು ಹೇಳಬೇಕಾದವನು ನಾನು, ಒಂಬತ್ತು ವರ್ಷದಿಂದ ಹೇಳಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಸಾಕಷ್ಟು ಬೀದಿಗೆ ಬಿದ್ದಿದೆ. ನಮಗೆಲ್ಲ ಅವರು ಮಾವಶಿ, ಮರಾಠಿಯಲ್ಲಿ ಚಿಕ್ಕಮ್ಮ. ಸಾಂಗ್ಲಿಯ ಬೆಲ್ಲದ ವ್ಯಾಪಾರಿಗಳ ಮನೆತನ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಹಣೆಯ ಮೇಲೆ ತೆಳ್ಳಗೆ ವಿಭೂತಿ, ಸೀರೆಯ ಮೇಲೆ ಮೊಣಕಾಲವರೆಗಿನ ಬಿಳಿ ಕೋಟು, ಕೊರಳಿಗೆ ದಾರ ಕಟ್ಟಿ ಇಳಿಬಿಟ್ಟ ಕನ್ನಡಕ. ಗಂಡ ಬೇಗ ಹೋಗಿದ್ದರು, ಒಬ್ಬಳೇ ಮಗಳು. ಔಷಧಶಾಸ್ತ್ರದ ಡಿಪ್ಲೊಮಾವನ್ನು ಮದುವೆಯಾದ ಮೇಲೆ ಓದಿ ಪಾಸು ಮಾಡಿಕೊಂಡವರು. ಆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ತಗುಲಿಸಿದ್ದರು. ಅಂಗಡಿಯ ಮಾಲಕರು ಶೇಟ್ರು, ಆದರೆ ಪರವಾನಗಿ ಇದ್ದದ್ದು ಮಾವಶಿಯ ಹೆಸರಿನ ಮೇಲೆಯೇ.

ನಾನು ಮ್ಹೈಸಾಳದವ, ಕುರಿಗಾರರ ಮನೆಯ ಹುಡುಗ. ನಮ್ಮ ಮನೆತನದಲ್ಲಿ ಡಿಪ್ಲೊಮಾ ಮಾಡಿದವ ನಾನೇ ಮೊದಲು, ಹೀಗಾಗಿ ಸ್ವಲ್ಪ ಜಂಬವೂ ಇತ್ತು. ಕೆಲಸಕ್ಕೆ ಸೇರಿದ ಮೊದಲನೇ ದಿನವೇ ಅದನ್ನು ಇಳಿಸಿದರು. ಟೆಂಪೋ ಡ್ರೈವರನೊಬ್ಬ ಬಂದು ಸರ್ದಿ ಗುಳಿಗೆ ಕೇಳಿದ. ನಾನು ಕತ್ತರಿ ತೆಗೆದುಕೊಂಡು ಪಟ್ಟಿಯಿಂದ ನಾಲ್ಕು ಗುಳಿಗೆ ಕತ್ತರಿಸಿ ಮುಂದೆ ಚಾಚಿದೆ. ಮಾವಶಿ ನನ್ನ ಮುಂಗೈ ಹಿಡಿದುಕೊಂಡರು.

"ಗಾಡಿ ಹೊಡಿತೀಯೇನಪಾ?" ಎಂದು ಡ್ರೈವರನನ್ನು ಕೇಳಿದರು.

"ಹೌದ್ರಿ, ಈಗ ಜತ್ತಿಗೆ ಹೊಂಟೇನಿ."

"ಹಂಗಾರ ಇದು ಬ್ಯಾಡ. ರಸ್ತೆದಾಗ ಕಣ್ಣು ಮುಚ್ಚತಾವು." ಬರೀ ಜ್ವರದ ಗುಳಿಗೆ ಕೊಟ್ಟು, ಬಿಸಿನೀರಿನ ಹಬೆ ತೆಗೆದುಕೊಳ್ಳಲು ಹೇಳಿ ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನಿಮ್ಮಪ್ಪ ಕುರಿಗೆ ಔಷಧ ಹಾಕೂ ಮುಂದ ಅದರ ಬಾಯಿ ತಗದು ನೋಡತಾನೋ ಇಲ್ಲೋ?"

"ನೋಡತಾನ್ರಿ."

"ಮತ್ತ ನೀ ಮನಶ್ಯಾನ್ನ ಮಾರಿನೂ ನೋಡ್ಲಿಲ್ಲಲ್ಲೋ."

ಅಂದೇ ಸಂಜೆ, ಗಿರಾಕಿ ಕಡಿಮೆಯಾದ ಹೊತ್ತಿನಲ್ಲಿ, ಒಂದು ಗುಳಿಗೆಯನ್ನು ಅಂಗೈ ಮೇಲೆ ಇಟ್ಟುಕೊಂಡು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. "ಸರ್ದಿ ಗುಳಿಗಿ ಅಂದ್ರ ಒಂದು ಔಷಧ ಅಂತ ತಿಳಿಬ್ಯಾಡ. ಮೂರು ಮಂದಿ ಕೂಡಿ ಒಂದ ಕೋಟ್ ಹಾಕ್ಕೊಂಡು ಬಂದಾರ. ಒಬ್ಬಂವ ಜ್ವರಾ ಇಳಸ್ತಾನ. ಇನ್ನೊಬ್ಬಂವ ಮೂಗು ಸೋರೂದು, ಸೀನೂದು ನಿಲ್ಲಸ್ತಾನ, ಜೋಡಿ ನಿದ್ದಿನೂ ತರತಾನ. ಮೂರನೇದಾಂವ ಕಟ್ಟಿದ ಮೂಗು ಬಿಡಸ್ತಾನ. ಹೆಂಗ ಬಿಡಸ್ತಾನ? ರಕ್ತದ ನರಾ ಬಿಗದು ಬಿಡಸ್ತಾನ. ಬರೇ ಮೂಗಿನಾಗಿನ ನರಾ ಅಷ್ಟ ಬಿಗೀತಾನ ಅಂತ ನಿನಗ ಯಾರು ಹೇಳ್ಯಾರ? ಬಿ.ಪಿ. ಇದ್ದಾಂವಗ ಈ ಮೂರನೇದಾಂವನ್ನ ಕೊಟ್ಟು ಮನಿಗೆ ಕಳಿಸಿದೆಂದ್ರ, ಮುಂದಿಂದು ನಿನ್ನ ಪಾಪ."

ಪುಸ್ತಕದಲ್ಲಿ ಇದನ್ನೆಲ್ಲ ನಾನೂ ಓದಿದ್ದೆ. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಆದರೆ ಗುಳಿಗೆ ಕೇಳಲು ಬಂದವನ ಮೈಯೊಳಗೆ ಆ ಮೂರು ಮಂದಿ ಹೋಗಿ ಏನೇನು ಮಾಡುತ್ತಾರೆ ಎಂದು ಯೋಚಿಸಿದ್ದು ಆ ಸಂಜೆಯೇ ಮೊದಲು.

ಅವರು ಸಿಹಿ ಸ್ವಭಾವದವರೇನೂ ಅಲ್ಲ. ಸತ್ತವರ ಬಗ್ಗೆ ಬರೆಯುವಾಗ ಎಲ್ಲರನ್ನೂ ದೇವರ ಪಕ್ಕದಲ್ಲಿ ಕೂರಿಸುವ ರೂಢಿ ನನಗೆ ಸೇರುವುದಿಲ್ಲ. ಮಾವಶಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಸರ್ದಿ ಎಂದು ಬಂದ ವಯಸ್ಸಾದ ಗಂಡಸರನ್ನು, ಸಾಲಿನಲ್ಲಿ ಹತ್ತು ಜನ ನಿಂತಿದ್ದರೂ, "ಉಚ್ಚಿ ಸರಾಗ ಹೋಗತೈತೇನ್ರಿ?" ಎಂದು ಅಷ್ಟೂ ಮಂದಿಗೆ ಕೇಳುವ ಹಾಗೆ ಕೇಳುತ್ತಿದ್ದರು. ವಿಶ್ರಾಮಬಾಗದ ನಿವೃತ್ತ ಮಾಸ್ತರರೊಬ್ಬರು ಈ ಪ್ರಶ್ನೆಗೆ ನಾಚಿ, ಗುಳಿಗೆಯೂ ಬೇಡ ಏನೂ ಬೇಡವೆಂದು ಚಪ್ಪಲಿ ಮೆಟ್ಟಿಕೊಂಡು ಓಡಿಹೋದರು. ನಾವು ನಕ್ಕೆವು. ಮಾವಶಿ ನಗಲಿಲ್ಲ. ಪ್ರಾಸ್ಟೇಟ್ ಗ್ರಂಥಿ ಬಾತವರು ಈ ಗುಳಿಗೆ ನುಂಗಿದರೆ ಮೂತ್ರ ಪೂರ್ತಿ ಕಟ್ಟಿಕೊಂಡುಬಿಡಬಹುದು, ಆಮೇಲೆ ನಳಿಗೆ ಹಾಕಿ ತೆಗೆಯುವಾಗ ಆ ಮಾಸ್ತರರ ನಾಚಿಕೆ ಎಲ್ಲಿರುತ್ತದೆ ನೋಡೋಣ ಎಂದು ನಮಗೇ ಬೈದರು. ಮರುದಿನ ಮಾಸ್ತರರ ಹೆಂಡತಿಗೆ ಫೋನು ಮಾಡಿ ಕೇಳಿಯೂ ಬಿಟ್ಟರು.

ಮೂಗಿಗೆ ಬಿಡುವ ಹನಿಯ ಬಾಟಲಿಯನ್ನು ಆರು ತಿಂಗಳಿಂದ ತಪ್ಪದೆ ಒಯ್ಯುತ್ತಿದ್ದ ಕಾಲೇಜು ಹುಡುಗಿಯೊಬ್ಬಳಿದ್ದಳು. ಅದಿಲ್ಲದಿದ್ದರೆ ಮೂಗು ಕಟ್ಟುತ್ತದೆ ಅನ್ನುವುದು ಅವಳ ಅಳಲು. "ಅದರಿಂದನ ಕಟ್ಟತೈತಿ ತಂಗಿ. ಮೂರು ನಾಕು ದಿನದ ಮ್ಯಾಲ ಬಿಟ್ಟೀ ಅಂದ್ರ ಮೂಗು ನಿಂದಾದ್ರೂ ಮಾಲಕ ಆ ಬಾಟಲಿ ಆಗತೈತಿ" ಎಂದು ಹೇಳಿ ಬಾಟಲಿ ಕಸಿದುಕೊಂಡರು, ಕಿವಿ ಮೂಗಿನ ಡಾಕ್ಟರರ ವಿಳಾಸ ಬರೆದುಕೊಟ್ಟರು. ಹುಡುಗಿ ಅತ್ತಳು. ಇನ್ನೊಮ್ಮೆ ಒಂದೂವರೆ ವರ್ಷದ ಕೂಸನ್ನು ಹೊತ್ತುಕೊಂಡು ಬಂದ ತಾಯಿ, ಅದೇ ಸರ್ದಿ ಗುಳಿಗೆಯನ್ನು ಅರ್ಧ ಮಾಡಿ ಕೊಡಿ ಎಂದು ಹಟ ಹಿಡಿದಳು. "ದೊಡ್ಡಾವ್ರ ಗುಳಿಗಿ ಮುರದ್ರ ಸಣ್ಣಾವ್ರ ಗುಳಿಗಿ ಆಗಂಗಿಲ್ಲವಾ. ಇಷ್ಟ ಸಣ್ಣ ಕೂಸಿಗೆ ಸರ್ದಿದು ಗುಳಿಗಿನೂ ಬ್ಯಾಡ, ಸರ್ದಿದು ಬಾಟಲಿನೂ ಬ್ಯಾಡ" ಎಂದು, ತಾವೇ ಕೋಟು ತೆಗೆದಿಟ್ಟು, ಆಕೆಯನ್ನು ಎದುರಿನ ಮಕ್ಕಳ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. ಅಷ್ಟು ಹೊತ್ತು ಅಂಗಡಿಯಲ್ಲಿ ನಾನೊಬ್ಬನೇ ಗಿರಾಕಿಗಳ ಬೈಗುಳ ತಿಂದೆ.

ಇನ್ನು ನೇಲ್ ಪಾಲಿಶಿನ ವಿಷಯ. ಉಗುರಿಗೆ ಒಂದು ದಿನವೂ ಬಣ್ಣ ಹಚ್ಚದ ಮಾವಶಿಯ ಕೋಟಿನ ಜೇಬಿನಲ್ಲಿ ಯಾವಾಗಲೂ ಒಂದು ಕೆಂಪು ನೇಲ್ ಪಾಲಿಶಿನ ಬಾಟಲಿ ಇರುತ್ತಿತ್ತು. ಹೊಸ ಮಾಲು ಬಂದ ಕೂಡಲೇ, ಸರ್ದಿಯ ಗುಳಿಗೆ ಮತ್ತು ಬಾಟಲಿಗಳಲ್ಲಿ ಯಾವುದರಲ್ಲಿ ಆ ಮೂರನೆಯವನು, ಅಂದರೆ ಮೂಗು ಬಿಡಿಸುವವನು, ಇದ್ದಾನೋ ಅದರ ಮೇಲೆಲ್ಲ ಒಂದೊಂದು ಕೆಂಪು ಚುಕ್ಕೆ ಇಡುತ್ತಿದ್ದರು. ಪೆನ್ನಿನ ಶಾಯಿ ಗುಳಿಗೆಯ ಬೆಳ್ಳಿ ಹಾಳೆಯ ಮೇಲೆ ನಿಲ್ಲುವುದಿಲ್ಲ, ನೇಲ್ ಪಾಲಿಶ್ ನಿಲ್ಲುತ್ತದೆ. ಗಡಿಯ ಹಳ್ಳಿಗಳಿಂದ ಬರುವ ನಮ್ಮ ಮಂದಿಗೆ ಇಂಗ್ಲಿಷ್ ಅಕ್ಷರ ಬಾರದು, ಎಷ್ಟೋ ಜನಕ್ಕೆ ಮರಾಠಿಯೂ ಓದಲು ಬಾರದು. ಅವರಿಗೆಲ್ಲ ಮಾವಶಿ ಒಂದೇ ಮಾತು ಕಲಿಸಿದ್ದರು. ಬಿ.ಪಿ. ಇದ್ದವರು, ಹೃದಯದ ತ್ರಾಸ ಇದ್ದವರು ಚುಕ್ಕೆ ಇದ್ದದ್ದನ್ನು ಮುಟ್ಟಬಾರದು. ಉಳಿದವರೂ ಚುಕ್ಕೆಯ ಎರಡು ಔಷಧ ಕೂಡಿಸಿ ತೆಗೆದುಕೊಳ್ಳಬಾರದು.

ಇದು ಎಷ್ಟು ಹಬ್ಬಿತ್ತೆಂದರೆ, ಮ್ಹೈಸಾಳದಲ್ಲಿ ನಮ್ಮ ಅಜ್ಜಿ ಕೂಡ ಸಂತೆಯಿಂದ ಯಾರು ಯಾವ ಗುಳಿಗೆ ತಂದುಕೊಟ್ಟರೂ ತಿರುಗಿಸಿ ಮುರುಗಿಸಿ, "ಚುಕ್ಕಿ ಐತೇನ ನೋಡೋ" ಅನ್ನುತ್ತಿದ್ದಳು. ಆಗ ನನಗೆ ಹೆಮ್ಮೆಯಾಗುತ್ತಿತ್ತು. ಬೇರೆ ಅಂಗಡಿಯವರು ಚುಕ್ಕೆ ಹಾಕುವುದಿಲ್ಲವಲ್ಲ, ಅಲ್ಲಿ ಕೊಂಡವರ ಗತಿ ಏನು ಎಂದು ನಾನೂ ಕೇಳಲಿಲ್ಲ, ಅವರೂ ಯೋಚಿಸಿದಂತೆ ಕಾಣಲಿಲ್ಲ.

ನಮ್ಮ ಶೇಟ್ರಿಗೆ ವಯಸ್ಸಾಯಿತು. ಮಿರಜಿನ ಎರಡು, ಸಾಂಗ್ಲಿಯ ಎರಡು ಅಂಗಡಿಗಳು ಕೂಡಿ ಹೊರಗಿನದೊಂದು ದೊಡ್ಡ ಕಂಪನಿಯಲ್ಲಿ ವಿಲೀನವಾದವು. ಒಂದು ವಾರದಲ್ಲಿ ಹಳೆಯ ಮರದ ಕಪಾಟುಗಳು ಹೋಗಿ ಗಾಜಿನವು ಬಂದವು. ಕಂಪ್ಯೂಟರು ಬಂತು, ಟೋಕನ್ ಬಂತು, ನಮಗೆಲ್ಲ ನೀಲಿ ಅಂಗಿ ಬಂತು. ಹೊಸ ಮ್ಯಾನೇಜರ್ ಬಂದ ದಿನ ನಾವೆಲ್ಲ ಮಾವಶಿ ಮಾವಶಿ ಅನ್ನುವುದನ್ನು ಕೇಳಿಸಿಕೊಂಡ. ಆಸ್ಪತ್ರೆಗಳಲ್ಲಿ ಆಯಾಗಳನ್ನು ಹಾಗೆ ಕರೆಯುವುದು ಈ ಕಡೆಯ ರೂಢಿ. ಆತ ಅವರನ್ನು ಆಯಾ ಎಂದೇ ತಿಳಿದು, "ಮಾವಶಿ, ಚಹಾ ಆಣಾ" ಅಂದ. ಮಾವಶಿ ಹೋಗಿ ಚಹಾ ತಂದು ಅವನ ಮುಂದಿಟ್ಟರು. ಆಮೇಲೆ ಗೋಡೆಯ ಮೇಲಿನ ಸರ್ಟಿಫಿಕೇಟು ತೋರಿಸಿ, ಇನ್ನು ಕೆಲಸದ ಮಾತು ಆಡೋಣವೇ ಎಂದು ಮರಾಠಿಯಲ್ಲಿ ಕೇಳಿದರು. ಆತ ಕ್ಷಮೆ ಕೇಳಿದ, ಮರೆಯಲಿಲ್ಲ.

ಎರಡನೇ ತಿಂಗಳಲ್ಲಿ ಕಂಪನಿಯ ಸ್ವಂತ ಹೆಸರಿನ ಔಷಧಗಳು ಬಂದವು. ನಮ್ಮ ಹಳೆಯ ಹಳದಿ ಸರ್ದಿ ಗುಳಿಗೆಯ ಬದಲು ಬಿಳಿ ಗುಳಿಗೆ. ಹೆಸರು ಬೇರೆ, ಬಣ್ಣ ಬೇರೆ, ಒಳಗೆ ಅದೇ ಮೂರು ಮಂದಿ. ಮಾವಶಿ ನೇಲ್ ಪಾಲಿಶ್ ತೆಗೆದು ಕುಳಿತದ್ದೇ ತಡ, ಮ್ಯಾನೇಜರ್ ಬಂದು ತಡೆದ. ಕಂಪನಿಯ ಮಾಲಿನ ಮೇಲೆ ಬಣ್ಣ ಬಳಿಯುವ ಹಾಗಿಲ್ಲ, ನಿಯಮ. ಮಾವಶಿ ಕೂಗಾಡುತ್ತಾರೆಂದು ನಾನು ಕಾದೆ. ಅವರು ಕೂಗಾಡಲಿಲ್ಲ. ನಿಧಾನವಾಗಿ, ಮರಾಠಿಯಲ್ಲಿ, ಚುಕ್ಕೆ ತೆಗೆಯುವುದಾದರೆ ತೆಗೆಯಿರಿ, ಆದರೆ ತೆಗೆದಿದ್ದೇವೆ ಅನ್ನುವುದನ್ನು ಜನಕ್ಕೆ ಹೇಳಿ ಅಂದರು. ಇಲ್ಲಿಯ ಮಂದಿ ಹೆಸರು ಓದುವುದಿಲ್ಲ, ಚುಕ್ಕೆ ನೋಡುತ್ತಾರೆ, ಚುಕ್ಕೆ ಇಲ್ಲದ್ದನ್ನು ಕಣ್ಣು ಮುಚ್ಚಿ ನುಂಗುತ್ತಾರೆ ಅಂದರು. ಬಾಗಿಲಿಗೆ ಒಂದು ಬೋರ್ಡು ಹಾಕಲು ಬೇಡಿಕೊಂಡರು. ಬೇಡಿಕೊಂಡರು ಎಂದೇ ಬರೆಯಬೇಕು, ಅವರು ಯಾರನ್ನಾದರೂ ಬೇಡಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆತ ನೋಡೋಣ ಅಂದ. ನಾಲ್ಕು ದಿನ ಕಾದು ಮಾವಶಿ ತಾವೇ ಒಂದು ರಟ್ಟಿನ ಮೇಲೆ ಕನ್ನಡದಲ್ಲೂ ಮರಾಠಿಯಲ್ಲೂ ಬರೆದು ಬಾಗಿಲಿಗೆ ಕಟ್ಟಿದರು. ಇನ್ನು ಮೇಲೆ ಚುಕ್ಕೆ ಇರುವುದಿಲ್ಲ, ಬಿ.ಪಿ. ಇದ್ದವರು ಕೇಳಿಯೇ ಔಷಧ ಒಯ್ಯಿರಿ ಎಂದು. ಎರಡು ದಿನಕ್ಕೆ ಅದನ್ನು ತೆಗೆಯಲು ಅಪ್ಪಣೆಯಾಯಿತು. ಬಿಚ್ಚಿದವನು ನಾನು. ಅದೇ ವಾರ ಮಾವಶಿಯನ್ನು ಒಳಗಿನ ಉಗ್ರಾಣಕ್ಕೆ ಹಾಕಿದರು, ಬಂದ ಮಾಲು ಸರಿನೋಡುವ ಕೆಲಸ. ಗಿರಾಕಿಗೆ ಒಬ್ಬೊಬ್ಬರಿಗೆ ಅಷ್ಟಷ್ಟು ಪ್ರಶ್ನೆ ಕೇಳಿದರೆ ಟೋಕನ್ ಮುಂದೆ ಸರಿಯುವುದಿಲ್ಲ ಅನ್ನುವುದು ಕಾರಣ. ಪರವಾನಗಿ ಮಾತ್ರ ಅವರ ಹೆಸರಿನಲ್ಲೇ ಉಳಿಯಿತು, ಪ್ರತಿ ಬಿಲ್ಲಿನ ಕೆಳಗೂ ಅವರ ಹೆಸರೇ ಅಚ್ಚಾಗುತ್ತಿತ್ತು. ಕೌಂಟರಿನ ಉಸ್ತುವಾರಿ ನನಗೆ ಬಂತು. ನಾನು ಬೇಡ ಅನ್ನಲಿಲ್ಲ. ಸುಳ್ಳೇಕೆ ಹೇಳಲಿ, ಸಂತೋಷವಾಯಿತು.

ಸಾಂಗ್ಲಿಯ ಅರಿಸಿನ ಪೇಟೆಯಲ್ಲಿ ಸೌದಾ, ಅಂದರೆ ಲಿಲಾವು, ಕೂಗುವವರೊಬ್ಬರಿದ್ದರು. ಹರಿಪುರದವರು, ನಮಗೆಲ್ಲ ಕಾಕಾ. ಅವರು ಅರಿಸಿನದ ರಾಶಿಯ ಪಕ್ಕ ನಿಂತು ದರ ಕೂಗಿದರೆ ಮೂರು ಮಳಿಗೆಯಾಚೆ ಕೇಳಿಸುತ್ತಿತ್ತು. ಹಂಗಾಮು ಶುರುವಾದರೆ ಪೇಟೆಯ ಗಾಳಿಯೆಲ್ಲ ಅರಿಸಿನದ ಧೂಳು. ಕಾಕಾರಿಗೆ ಸೀನು, ಮೂಗು ಕಟ್ಟುವುದು, ಧ್ವನಿ ಕೂರುವುದು. ಜೊತೆಗೆ ಹಳೆಯ ಬಿ.ಪಿ. ಪ್ರತಿ ವರ್ಷ ಮಾವಶಿ ಅವರಿಗೆ ಸೀನಿನ ಗುಳಿಗೆ ಒಂದನ್ನೇ, ಅದೂ ಮಲಗುವಾಗ ಮಾತ್ರ, ಕೊಡುತ್ತಿದ್ದರು. ಉಪ್ಪುನೀರಿನಲ್ಲಿ ಮೂಗು ತೊಳೆಯಲು, ಬಾಯಿ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಲು ಹೇಳುತ್ತಿದ್ದರು.

ಆ ವರ್ಷ ಕಾಕಾ ಬಂದಾಗ ಮಧ್ಯಾಹ್ನ. ಜೊತೆಗಾರ ಊಟಕ್ಕೆ ಹೋಗಿದ್ದ, ಕೌಂಟರಿನಲ್ಲಿ ನಾನೊಬ್ಬನೇ. ಎದುರಿಗೆ ಎಂಟು ಹತ್ತು ಟೋಕನ್.

"ಮಾವಶಿ ಎಲ್ಲ್ಯದಾಳೋ?" ಕಾಕಾರ ಧ್ವನಿ ಆಗಲೇ ಒಡೆದಿತ್ತು.

"ಒಳಗ ಅದಾರ್ರಿ, ಮಾಲು ನೋಡಾಕತ್ತಾರ. ಏನ್ ಬೇಕ್ರಿ?"

"ಮೂಗು ಪೂರಾ ಕಟ್ಟೇತಿ. ನಾಳಿಂದ ದೊಡ್ಡ ಸೌದೆ ಅದಾವು, ಧನಿ ಹೊಂಡವಲ್ದು. ಲಗೂನ ಏನರೆ ಕೊಡು."

ಕಂಪ್ಯೂಟರಿನಲ್ಲಿ ಸರ್ದಿ ಎಂದು ಒತ್ತಿದೆ. ಬಿಳಿ ಗುಳಿಗೆ ತೋರಿಸಿತು, ಅದರ ಕೆಳಗೆ ಜೋಡಿಯಾಗಿ ಕೆಮ್ಮು ಸರ್ದಿಯ ಸಿರಪ್ಪನ್ನೂ ತೋರಿಸಿತು. ಎರಡನ್ನೂ ತೆಗೆದು ಇಟ್ಟೆ. ಕಾಕಾ ಗುಳಿಗೆಯ ಪಟ್ಟಿಯನ್ನು ಮುಂದೆ ಹಿಂದೆ ತಿರುಗಿಸಿ ನೋಡಿದರು, ಬಾಟಲಿಯನ್ನೂ ನೋಡಿದರು.

"ಚುಕ್ಕಿ ಇಲ್ಲಲ್ಲ?"

"ಇಲ್ಲರಿ ಕಾಕಾ."

"ಹಂಗಾರ ನಡೀತೈತಿ" ಅಂದು ಚೀಲಕ್ಕೆ ಹಾಕಿಕೊಂಡರು.

ತಿಂಗಳು ತಿಂಗಳು ಅವರ ಬಿ.ಪಿ. ಗುಳಿಗೆ ಕೊಡುತ್ತಿದ್ದವನೂ ನಾನೇ. ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಗುಳಿಗೆಯಲ್ಲೂ ಸಿರಪ್ಪಿನಲ್ಲೂ ಅದೇ ಮೂಗು ಬಿಡಿಸುವ ಔಷಧ ಇದೆ, ಎರಡೂ ಕೂಡಿದರೆ ಇಮ್ಮಡಿ ಆಗುತ್ತದೆ ಅನ್ನುವುದೂ ಗೊತ್ತಿತ್ತು. ಆ ಗಳಿಗೆಯಲ್ಲಿ ನನಗೆ ಕಂಡದ್ದು ಮುಂದಿನ ಟೋಕನ್ ಮಾತ್ರ. ಹತ್ತು ಹೆಜ್ಜೆ ಆಚೆ, ಪ್ಲೈವುಡ್ ಬಾಗಿಲಿನ ಹಿಂದೆ ಮಾವಶಿ ಇದ್ದರು. ಒಂದು ಕೂಗು ಹಾಕಿದ್ದರೆ ಹೊರಗೆ ಬರುತ್ತಿದ್ದರು.

ಕಾಕಾ ಎರಡು ದಿನ ಎರಡನ್ನೂ ತೆಗೆದುಕೊಂಡರು. ಧ್ವನಿ ಬಿಟ್ಟಿತು ಎಂದು ಇನ್ನಷ್ಟು ತೆಗೆದುಕೊಂಡರು. ಮೂರನೆಯ ದಿನ, ಸೌದಾ ಕೂಗುತ್ತಿದ್ದಾಗಲೇ, ಅರಿಸಿನದ ರಾಶಿಯ ಮೇಲೆ ಬಲಕ್ಕೆ ವಾಲಿ ಬಿದ್ದರು. ಮೆದುಳಿನಲ್ಲಿ ರಕ್ತಸ್ರಾವ. ಜೀವ ಉಳಿಯಿತು. ಬಲಗೈ, ಬಲಗಾಲು ಹೋದವು, ಮಾತು ಹೋಯಿತು. ಬಿ.ಪಿ. ಹಳೆಯದು, ಹೇಗಿದ್ದರೂ ಆಗಬಹುದಿತ್ತು ಎಂದು ಡಾಕ್ಟರು ಹೇಳಿದರು. ಆಮೇಲೆ ಬಾಟಲಿಯ ಸಂಗತಿಯೂ ಗೊತ್ತಾದಾಗ, ಈ ಎರಡು ಔಷಧ ಕೂಡಿಸಿ ತೆಗೆದುಕೊಂಡದ್ದು ಖಂಡಿತ ಒಳ್ಳೆಯದು ಮಾಡಿಲ್ಲ ಎಂದೂ ಹೇಳಿದರು. ಅದರಿಂದಲೇ ಆಯಿತೆಂದು ಬರೆದುಕೊಡಲು ಒಪ್ಪಲಿಲ್ಲ. ಆ ಅನುಮಾನದ ಸಂದಿಯಲ್ಲಿ ನಾನು ಎಷ್ಟೋ ವರ್ಷ ತಲೆ ಮರೆಸಿಕೊಂಡಿದ್ದೇನೆ.

ಕಾಕಾರ ಮಗ ಖಾಲಿ ಪಟ್ಟಿ ಮತ್ತು ಬಿಲ್ಲು ಹಿಡಿದು ಅಂಗಡಿಗೆ ಬಂದ. ಬಿಲ್ಲಿನ ಕೆಳಗೆ ಮಾವಶಿಯ ಹೆಸರು. ಮರುದಿನ ಕಂಪನಿಯ ಅಧಿಕಾರಿಯೊಬ್ಬರು ಬಂದರು. ಉಗ್ರಾಣದಲ್ಲಿ, ರಟ್ಟಿನ ಪೆಟ್ಟಿಗೆಗಳ ನಡುವೆ ನಾಲ್ಕು ಜನ ಕುಳಿತೆವು, ಅಧಿಕಾರಿ, ಮ್ಯಾನೇಜರ್, ಮಾವಶಿ, ನಾನು. ಆ ಮಧ್ಯಾಹ್ನ ಕೌಂಟರಿನಲ್ಲಿ ಯಾರಿದ್ದರು ಎಂದು ಅಧಿಕಾರಿ ಕೇಳಿದರು. ಮ್ಯಾನೇಜರ್ ನೆಲ ನೋಡಿದ. ನನ್ನ ಮಗ ಆಗ ನಾಲ್ಕು ತಿಂಗಳ ಕೂಸು. ಇದು ನೆಪವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

"ನೆನಪಿಲ್ಲ ಸರ್" ಅಂದೆ.

ಮಾವಶಿ ಕನ್ನಡಕ ಏರಿಸಿ ನನ್ನನ್ನು ನೋಡಿದರು. ಬಹಳ ಹೊತ್ತೇನೂ ಅಲ್ಲ. ಆಮೇಲೆ ಅಧಿಕಾರಿಯ ಕಡೆ ತಿರುಗಿ, ಚುಕ್ಕೆ ಹಚ್ಚಿದವಳು ನಾನು, ಚುಕ್ಕೆ ಇಲ್ಲದ್ದನ್ನು ನಂಬುವ ರೂಢಿ ಹಾಕಿದವಳೂ ನಾನು, ಅದು ನಿಂತ ದಿನದಿಂದ ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ಹೇಳಬೇಕಾಗಿತ್ತು, ನಿಂತಿಲ್ಲ, ಪರವಾನಗಿ ನನ್ನದು, ಹಾಗಿದ್ದ ಮೇಲೆ ಹೊಣೆಯೂ ನನ್ನದು ಎಂದು ಮರಾಠಿಯಲ್ಲಿ ಹೇಳಿದರು. ಅಧಿಕಾರಿ ಅದರಲ್ಲಿ ಕೊನೆಯ ಮಾತನ್ನು ಮಾತ್ರ ಬರೆದುಕೊಂಡರು. ಮಾವಶಿ ಸಹಿ ಹಾಕಿ, ಹೊರಗೆ ಬಂದು, ಸ್ಟೂಲು ಹತ್ತಿ ಗೋಡೆಯ ಸರ್ಟಿಫಿಕೇಟು ಇಳಿಸಿಕೊಂಡರು. ಸ್ಟೂಲು ಅಲುಗಾಡುತ್ತಿತ್ತು, ನಾನು ಹಿಡಿದುಕೊಳ್ಳಲು ಹೋದೆ. "ಬ್ಯಾಡ" ಅಂದರು.

ಹೊರಡುವಾಗ ನನ್ನನ್ನು ಹತ್ತಿರ ಕರೆದು ಒಂದೇ ಕೆಲಸ ಹೇಳಿದರು. "ದವಾಖಾನಿಗೆ ಹೋಗಿ ಡಾಕ್ಟರಿಗೆ ಎರಡೂ ಹೆಸರು ಹೇಳಿ ಬಾ. ಗುಳಿಗಿದೂ, ಬಾಟಲಿದೂ. ಬಿಲ್ಲಿನ್ಯಾಗ ಎರಡೂ ಅದಾವು, ಅವರ ಮಗಾ ಬರೇ ಗುಳಿಗಿ ತೋರಸ್ಯಾನ. ಬಾಟಲಿ ಇನ್ನೂ ಮನ್ಯಾಗ ಇರತೈತಿ. ನಾಳಿ ಮತ್ತ ಕುಡಿಸಿಗಿಡಿಸ್ಯಾರು."

ಹೂಂ ಅಂದೆ. ದವಾಖಾನೆಯ ಗೇಟಿನವರೆಗೆ ಹೋದೆ. ಕಾಕಾರ ಮಗ ಮೆಟ್ಟಿಲ ಮೇಲೆ ಕುಳಿತಿದ್ದ. ಹಾಗೇ ತಿರುಗಿ ಬಂದೆ.

ಸಂಜೆ ಮಾವಶಿ ಫೋನು ಮಾಡಿ, ಹೇಳಿದೆಯಾ ಎಂದು ಕೇಳಿದರು. ನಾನು ಉತ್ತರ ಕೊಡಲು ತಡಮಾಡಿದೆ, ಅವರು ಫೋನು ಇಟ್ಟರು. ಆಗಲೇ ತಾವೇ ಹೋದರು. ಆಮೇಲೆ ಅಲ್ಲಿಯ ನರ್ಸ್ ಒಬ್ಬಳಿಂದ ನನಗೆ ಗೊತ್ತಾಯಿತು. ಮಾವಶಿ ಡಾಕ್ಟರರಿಗೆ ಎರಡೂ ಹೆಸರು ಹೇಳಿದರಂತೆ, ಹೊರಗೆ ಬಂದು ಮನೆಯವರಿಗೆ ಬಾಟಲಿ ಎಸೆಯಲು ಹೇಳಿದರಂತೆ. ಯಾರು ನೀವು ಎಂದು ಕೇಳಿದ್ದಕ್ಕೆ ಹೆಸರು ಹೇಳಿದರಂತೆ. ಬಿಲ್ಲಿನ ಮೇಲಿದ್ದ ಹೆಸರು. ಕಾಕಾರ ಹೆಂಡತಿ, ನಾವು ಕಾಕೂ ಅನ್ನುತ್ತಿದ್ದೆವು, ಎಲ್ಲರ ಮುಂದೆ ಅವರ ತೋಳು ಹಿಡಿದು ಜಗ್ಗಿ, ನನ್ನ ಗಂಡನ ಬಾಯಿ ತಿಂದಾಕಿ ನೀನ ಏನ ಎಂದು ಬೈದರಂತೆ. ಮಾವಶಿ ನಾನಲ್ಲ ಅನ್ನಲಿಲ್ಲವಂತೆ.

ಅವರಿಗೆ ಮಿರಜಿನಲ್ಲಿ, ಸಾಂಗ್ಲಿಯಲ್ಲಿ ಮತ್ತೆ ಯಾರೂ ಕೆಲಸ ಕೊಡಲಿಲ್ಲ. ಮಗಳ ಮನೆಗೆ ಹೋಗಿ ಇದ್ದರು. ಒಮ್ಮೆ ಮಿರಜಿನ ಬಸ್ ಸ್ಟ್ಯಾಂಡಿನಲ್ಲಿ ಎದುರಾದರು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಕೇಳತೀಯೇನು ಮಂದೀನ್ನ, ಗುಳಿಗಿ ಕೊಡೂ ಮುಂದ?" ಅಂದರು.

"ಕೇಳತೇನ್ರಿ. ಎಲ್ಲಾರ್ನೂ ಕೇಳತೇನ್ರಿ."

"ಆತು" ಅಂದು ಬಸ್ಸು ಹತ್ತಿದರು. ಅದು ನಿಜ. ಬಿ.ಪಿ. ಕೇಳುತ್ತೇನೆ, ಮನೆಯಲ್ಲಿ ಬೇರೆ ಯಾವ ಔಷಧ ಇದೆ ಎಂದು ಕೇಳುತ್ತೇನೆ, ಮುದುಕರಿಗೆ ಆ ನಾಚಿಕೆಯ ಪ್ರಶ್ನೆಯನ್ನೂ ಕೇಳುತ್ತೇನೆ. ಮ್ಯಾನೇಜರುಗಳು ಬದಲಾದರು, ಯಾರೂ ತಡೆದಿಲ್ಲ. ಮಾವಶಿಗೆ ನಾನು ಮಾಡಿದ್ದು ಇದರಿಂದ ತೀರುವುದಿಲ್ಲ.

ಅವರು ಹೋದ ಸುದ್ದಿ ಕೇಳಿದ ಮಾರನೆಯ ದಿನ ರಜೆ ಹಾಕಿ ಹರಿಪುರಕ್ಕೆ ಹೋದೆ. ಪಡಸಾಲೆಯಲ್ಲಿ ಮಂಚದ ಮೇಲೆ ಕಾಕಾ ದಿಂಬಿಗೆ ಒರಗಿ ಕುಳಿತಿದ್ದರು. ನನ್ನನ್ನು ಕಂಡವರೇ ಎಡಗೈ ಎತ್ತಿ ಗಟ್ಟಿಯಾಗಿ ಒದರತೊಡಗಿದರು, ಶಬ್ದವಿತ್ತು, ಮಾತಿರಲಿಲ್ಲ. ಕಾಕೂ ಅವರನ್ನು ಸುಮ್ಮನಾಗಿಸಲು ಬೆನ್ನು ಸವರಿದರು. ನಾನು ಕುಳಿತುಕೊಳ್ಳಲಿಲ್ಲ. ನಿಂತೇ ಹೇಳಿದೆ, ಆ ಗುಳಿಗೆ, ಆ ಬಾಟಲಿ ಎರಡೂ ಕೊಟ್ಟವನು ನಾನು, ಮಾವಶಿ ಆಗ ಒಳಗಿದ್ದರು, ಅವರಿಗೆ ಗೊತ್ತೇ ಇರಲಿಲ್ಲ ಎಂದು.

ಕಾಕಾ ಒದರುವುದನ್ನು ನಿಲ್ಲಿಸಿದರು. ಎತ್ತಿದ ಕೈ ಮೆಲ್ಲಗೆ ಹಾಸಿಗೆಯ ಮೇಲೆ ಇಳಿಯಿತು. ಕಾಕೂ ಗಂಡನ ಮುಖ ನೋಡಿದರು, ನನ್ನ ಮುಖ ನೋಡಿದರು.

"ಆಕಿ ತಿಂಗಳಾ ಬರತಿದ್ಲು" ಅಂದರು. "ಯಾವ ಗುಳಿಗಿ ಕೊಡಾಕತ್ತೀರಿ ತೋರಸ್ರಿ ಅಂತಿದ್ಲು. ನಾ ಒಳಗ ಕರೀಲಿಲ್ಲ. ಗುಳಿಗಿ ಡಬ್ಬಿ ಅಂಗಳಕ್ಕ ಒಗಿತಿದ್ದೆ. ಆಕಿ ಒಂದೊಂದ ಆರಿಸಿ, ಓದಿ, ಕಟ್ಟಿ ಮ್ಯಾಲ ಇಟ್ಟು ಹೋಗತಿದ್ಲು. ಆಕಿನ್ನ ಕಂಡ್ರ ಇವ್ರು ಹಿಂಗ ಕೈ ಆಡಿಸಿ ಒದರತಿದ್ರು. ಸಿಟ್ಟು ಬಂದೈತಿ ಇವ್ರಿಗೆ, ಹೊರಗ ಹಾಕು ಅನ್ನಾಕತ್ತಾರ ಅಂತ ತಿಳದು ನಾ ಬಾಗಲಾ ಹಾಕತಿದ್ದೆ." ಗಂಡನ ಎಡಗೈಯನ್ನು ತಮ್ಮ ಕೈಗೆ ತೆಗೆದುಕೊಂಡರು. "ಆಕಿ ಅಲ್ಲಾ ಅಂತ ಹೇಳಾಕತ್ತಿದ್ರೇನೋ. ಒಂಬತ್ತು ವರ್ಷ ಹೇಳ್ಯಾರ."

ಬೈಯುತ್ತಾರೆಂದು ಕಾದೆ. ಬೈಯಲಿ ಎಂದೇ ಹೋಗಿದ್ದೆ.

"ಬೈಯೂದೆಲ್ಲಾ ಆಕಿಗೇ ಬೈದ ಮುಗಿಸೇನಿ" ಅಂದರು ಕಾಕೂ. "ನಿನಗ ಅಂತ ಏನೂ ಉಳದಿಲ್ಲ. ಆಕಿ ಮಗಳಿಗೆ ಗೊತ್ತೈತೇನು ಇದು?"

"ಇಲ್ಲರಿ."

"ಮತ್ತ ಇಲ್ಲಿಗ್ಯಾಕ ಬಂದಿ? ಅವ್ವ ಸತ್ತು ಕುಂತಾಳ ಆ ಹುಡುಗಿ. ಮೊದಲ ಅಲ್ಲಿ ಹೋಗು."

ಮಗಳ ಮನೆ ವಿಶ್ರಾಮಬಾಗದಲ್ಲಿದೆ, ನನ್ನ ಮನೆಯಿಂದ ನಡೆದರೆ ಹತ್ತು ನಿಮಿಷ. ಕಾಕೂ ಹೇಳಿ ಇವತ್ತಿಗೆ ಹನ್ನೆರಡು ದಿನವಾಯಿತು. ನಾನು ಇನ್ನೂ ಹೋಗಿಲ್ಲ.